ಕೋಲು, ಬೀಜ, ಕೊಳವೆ

ತುಮಕೂರಿನ ಬಟವಾಡಿಯಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕೋಲಿಗೆ ವರ್ಷದಲ್ಲಿ ಎರಡು ದಿನ ನಡುಹಗಲಿನಲ್ಲಿ ನೆರಳೇ ಬೀಳುವುದಿಲ್ಲ. ಒಂದು ಏಪ್ರಿಲ್ 25ರ ಆಸುಪಾಸು, ಇನ್ನೊಂದು ಆಗಸ್ಟ್ 17ರ ಆಸುಪಾಸು. ಆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಗಡಿಯಾರ ಮಾತ್ರ 12 ಗಂಟೆ ತೋರಿಸುವುದಿಲ್ಲ, 12 ದಾಟಿ 20–25 ನಿಮಿಷ ಕಳೆದಿರುತ್ತದೆ. ದೆಹಲಿಯ ಮಕ್ಕಳಿಗೆ ಇಂಥ ದಿನ ಒಂದೂ ಸಿಗುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ಯಾವ ಊರಿನಲ್ಲೂ ಸೂರ್ಯ ನೆತ್ತಿಗೆ ಬರುವುದೇ ಇಲ್ಲ.

ಈ ಸಂಗತಿ ಬಟವಾಡಿಯ ಮೂರನೇ ತರಗತಿಯ ಮಗುವಿಗೆ ಯಾವ ಪಠ್ಯಪುಸ್ತಕದಿಂದಲೂ ಸಿಗಲಾರದು. ಪಠ್ಯಪುಸ್ತಕ ಇಡೀ ರಾಜ್ಯಕ್ಕಾಗಿ ಬರೆದದ್ದು, ಬೀದರ್‌ಗೂ ಚಾಮರಾಜನಗರಕ್ಕೂ ಅದು ಒಂದೇ. ನೆರಳು ಹಾಗಲ್ಲ, ಅದು ಆಯಾ ಊರಿನದು. ಹಾಗಾಗಿ ಪ್ರಾಥಮಿಕ ಶಾಲೆಯಲ್ಲಿ ಕೈಯಾರೆ ಮಾಡುವ ವಿಜ್ಞಾನವನ್ನು ಮಗು ನಿಂತ ನೆಲದಿಂದಲೇ ಶುರುಮಾಡಬೇಕು. ಉತ್ತರ ಆ ನೆಲದಲ್ಲಿದೆ, ಅಳೆದರೆ ಮಾತ್ರ ಸಿಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ಊರುಗಳು ಮೂರು ಒಳ್ಳೆಯ ಪ್ರಯೋಗಗಳನ್ನು ತಾವಾಗಿಯೇ ಒದಗಿಸುತ್ತವೆ. ಈ ಅಧ್ಯಾಯದಲ್ಲಿ ಅವನ್ನು ಒಂದೊಂದಾಗಿ ನೋಡೋಣ.

ಅಂಗಳದ ಕೋಲು

ಬೇಕಾದ ಸಾಮಾನು ಬಹಳ ಕಡಿಮೆ: ಒಂದು ಮೀಟರ್ ಉದ್ದದ ನೇರವಾದ ಕೋಲು, ಒಂದಷ್ಟು ಬೆಣಚುಕಲ್ಲು, ದಾರಕ್ಕೆ ಕಟ್ಟಿದ ಭಾರ, ಅಳತೆ ಟೇಪು. ನೆಲ ಮಟ್ಟವಾಗಿರಬೇಕು, ಕೋಲು ನೆಟ್ಟಗಿರಬೇಕು. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಬಳಸುವ ತೂಗುಗುಂಡನ್ನೂ ರಸಮಟ್ಟವನ್ನೂ ಅನೇಕ ಮಕ್ಕಳು ಕಂಡಿರುತ್ತಾರೆ. ಕೆಲವರ ಅಪ್ಪಂದಿರ ಕೈಯಲ್ಲೇ ಅವು ಇರುತ್ತವೆ. ಅಂಥ ಒಬ್ಬ ತಂದೆಯನ್ನು ಶಾಲೆಗೆ ಕರೆಸಿ ಕೋಲು ನೆಡಿಸಿದರೆ ಮೊದಲ ದಿನದ ಪಾಠ ಅಲ್ಲಿಗೇ ಆಯಿತು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ನೋಡಬೇಕಾದದ್ದು ನೆಲವನ್ನು. ಇದೊಂದು ಕಟ್ಟುನಿಟ್ಟಿನ ನಿಯಮ.

ಬೆಳಗ್ಗೆ 10ರಿಂದ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು ಇಡಬೇಕು. ನಡುಹಗಲು ಹತ್ತಿರವಾದಂತೆ ಐದು ನಿಮಿಷಕ್ಕೊಂದು. ಕಲ್ಲುಗಳ ಸಾಲು ಕೋಲಿನ ಬುಡದತ್ತ ಸರಿಯುತ್ತ ಬಂದು, ಒಂದು ಹಂತದಲ್ಲಿ ತೀರಾ ಸಮೀಪಿಸಿ, ಮತ್ತೆ ದೂರ ಸರಿಯುತ್ತದೆ. ಅತಿ ಹತ್ತಿರದ ಕಲ್ಲಿಗೂ ಬುಡಕ್ಕೂ ಗೆರೆ ಎಳೆದರೆ ಅದೇ ಉತ್ತರ–ದಕ್ಷಿಣ. ಆ ಕಲ್ಲು ಇಟ್ಟ ಸಮಯವೇ ಊರಿನ ನಿಜವಾದ ಮಧ್ಯಾಹ್ನ. ನಮ್ಮ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ ನಡೆಯುತ್ತವೆ. ತುಮಕೂರು ಇರುವುದು 77.1 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಹಾಗಾಗಿ ಸೂರ್ಯ ನಮ್ಮಲ್ಲಿಗೆ ಸರಾಸರಿ ಸುಮಾರು 22 ನಿಮಿಷ ತಡವಾಗಿ ಬರುತ್ತಾನೆ. ಭೂಮಿಯ ಪಥ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಈ ಎರಡು ಕಾರಣಗಳಿಂದ ವರ್ಷದುದ್ದಕ್ಕೂ ಈ ಹೊತ್ತು ಹಿಂದೆಮುಂದೆ ಸರಿಯುತ್ತದೆ: ನವೆಂಬರ್ ಮೊದಲ ವಾರದಲ್ಲಿ 12:05ರ ಸುಮಾರಿಗೆ, ಫೆಬ್ರವರಿ ಎರಡನೇ ವಾರದಲ್ಲಿ 12:36ರ ಸುಮಾರಿಗೆ. ಈ ಕಾರಣವನ್ನು ಮೂರನೇ ತರಗತಿಯಲ್ಲಿ ವಿವರಿಸಬೇಕಾಗಿಲ್ಲ. ಬದಲಾಗುತ್ತಿದೆ ಎಂದು ಮಕ್ಕಳೇ ಕಂಡುಹಿಡಿದರೆ ಸಾಕು, ವಿವರಣೆ ಎಂಟನೇ ತರಗತಿಯಲ್ಲಿ ಸಿಕ್ಕರೂ ಸರಿಯೇ.

ತಿಂಗಳಿಗೊಮ್ಮೆ ಮಧ್ಯಾಹ್ನದ ನೆರಳನ್ನು ಅಳೆದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯುತ್ತ ಹೋಗಬೇಕು. ಡಿಸೆಂಬರ್ 21ರಂದು ಒಂದು ಮೀಟರ್ ಕೋಲಿನ ನೆರಳು ಸುಮಾರು 75 ಸೆಂ.ಮೀ., ಉತ್ತರ ದಿಕ್ಕಿಗೆ. ಮಾರ್ಚ್ 21ರ ಹೊತ್ತಿಗೆ ಅದು 24 ಸೆಂ.ಮೀ.ಗೆ ಕುಗ್ಗುತ್ತದೆ. ಬೇಸಿಗೆ ರಜೆ ಮುಗಿಸಿ ಜೂನ್‌ನಲ್ಲಿ ಮರಳಿದ ಮಕ್ಕಳಿಗೆ ದೊಡ್ಡ ಅಚ್ಚರಿ ಕಾದಿರುತ್ತದೆ: ನೆರಳು ದಕ್ಷಿಣಕ್ಕೆ ತಿರುಗಿಬಿಟ್ಟಿದೆ! ಜೂನ್ 21ರಂದು ಅದು ದಕ್ಷಿಣ ದಿಕ್ಕಿಗೆ 18 ಸೆಂ.ಮೀ. ಇರುತ್ತದೆ. ಹಾಗಿದ್ದರೆ ಅದು ಬುಡವನ್ನು ದಾಟಿದ್ದು ಯಾವಾಗ? ರಜೆಯಲ್ಲಿ, ಏಪ್ರಿಲ್ ಕೊನೆಯ ವಾರದಲ್ಲಿ. ಮತ್ತೆ ದಾಟಬೇಕಾದದ್ದು ಆಗಸ್ಟ್‌ನಲ್ಲಿ, ಶಾಲೆ ನಡೆಯುತ್ತಿರುವಾಗ. ಜುಲೈನಿಂದಲೇ ಅಳತೆಗಳನ್ನು ಗ್ರಾಫಿನಲ್ಲಿ ಗುರುತಿಸಿದ ಮಗು ಆ ದಿನವನ್ನು ತಾನೇ ಮೊದಲೇ ಹೇಳಬಲ್ಲದು. ಆಗಸ್ಟ್‌ನ ಮೋಡ ಅಡ್ಡಬರಬಹುದು, ಆದರೂ ಮುಂಚಿತವಾಗಿ ಲೆಕ್ಕ ಹಾಕಿ ಹೇಳಿದ ಆ ಒಂದು ದಿನಾಂಕ ಮಗುವಿನ ಮೊದಲ ವೈಜ್ಞಾನಿಕ ಮುನ್ಸೂಚನೆ.

ಇನ್ನು ಕುಣಿಗಲ್‌ಗೆ ಬನ್ನಿ. ಅದು ತುಮಕೂರಿನಿಂದ ದಕ್ಷಿಣಕ್ಕೆ, ನೇರ ಲೆಕ್ಕದಲ್ಲಿ ಸುಮಾರು 35 ಕಿ.ಮೀ. ಏಪ್ರಿಲ್ ಕೊನೆಯ ದಿನಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವ ಜಾಗ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಉತ್ತರಕ್ಕೆ ಸರಿಯುತ್ತದೆ. ಹಾಗಾಗಿ ಕುಣಿಗಲ್‌ನಲ್ಲಿ ನೆರಳಿಲ್ಲದ ದಿನದ ಮರುದಿನ ತುಮಕೂರಿನ ಸರದಿ. ಆಗಸ್ಟ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಮರಳುವಾಗ ಈ ಕ್ರಮ ತಿರುಗುತ್ತದೆ, ಮೊದಲು ತುಮಕೂರು, ಮರುದಿನ ಕುಣಿಗಲ್. ಗುಬ್ಬಿ ತುಮಕೂರಿಗೆ ನೇರ ಪಶ್ಚಿಮದಲ್ಲಿರುವುದರಿಂದ ಎರಡಕ್ಕೂ ಒಂದೇ ದಿನ, ಗುಬ್ಬಿಯಲ್ಲಿ ಅರ್ಧ ನಿಮಿಷ ತಡ ಅಷ್ಟೇ.

ಇಷ್ಟು ಸೂಕ್ಷ್ಮ ವ್ಯತ್ಯಾಸ ಕೋಲಿನ ನೆರಳಿನಲ್ಲಿ ಸುಲಭವಾಗಿ ಕಾಣದು. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದರಿಂದಾಗಿ ಒಂದು ಮೀಟರ್ ಎತ್ತರದ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂ.ಮೀ.ನಷ್ಟು ಮಸುಕಾಗಿರುತ್ತದೆ. ಇದಕ್ಕೊಂದು ಉಪಾಯವಿದೆ. ಕೋಲಿನ ತುದಿಗೆ ಒಂದು ರಟ್ಟು ಅಂಟಿಸಿ, ಅದರಲ್ಲಿ ಎರಡು ಮಿಲಿಮೀಟರ್‌ನ ತೂತು ಕೊರೆಯಬೇಕು. ರಟ್ಟಿನ ನೆರಳಿನ ನಡುವೆ ದುಂಡನೆಯ ಬೆಳಕಿನ ಬಿಲ್ಲೆ ಬೀಳುತ್ತದೆ, ಅದರ ನಡುಬಿಂದುವನ್ನು ಗುರುತಿಸುವುದು ಸುಲಭ. ತೂತನ್ನು ಮುಕ್ಕೋನವಾಗಿ ಕತ್ತರಿಸಿದರೂ ಬಿಲ್ಲೆ ದುಂಡಗೇ ಇರುತ್ತದೆ. ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಹೊಂಗೆ ಮರದ ನೆರಳಿನಲ್ಲಿ ಚೆಲ್ಲಿಕೊಂಡಿರುವ ದುಂಡನೆಯ ಬೆಳಕಿನ ಬೊಟ್ಟುಗಳೂ ಅಂಥ ಸೂರ್ಯನ ಚಿತ್ರಗಳೇ. ಇದು ತಿಳಿದ ಮೇಲೆ ಮಕ್ಕಳು ಆ ಮರದಡಿ ಆಟ ಬಿಟ್ಟು ನೆಲ ನೋಡುತ್ತ ನಿಲ್ಲುವುದುಂಟು.

ಐದನೇ ತರಗತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬೀದರ್‌ನ ಒಂದು ಶಾಲೆಯ ಜೊತೆ ಫೋನಿನಲ್ಲಿ ಮಾತಾಡಿಕೊಂಡು, ಡಿಸೆಂಬರ್ 21ರಂದು ಎರಡೂ ಕಡೆ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳನ್ನು ಅಳೆಯಬೇಕು. ಇಲ್ಲಿ 75 ಸೆಂ.ಮೀ. ಬಂದರೆ ಅಲ್ಲಿ 88 ಬರುತ್ತದೆ. ಹಾಳೆಯ ಮೇಲೆ ಹತ್ತನೇ ಒಂದು ಭಾಗಕ್ಕೆ ಇಳಿಸಿ ಎರಡು ತ್ರಿಕೋನ ಬರೆದು, ಮೇಲಿನ ಕೋನವನ್ನು ಕೋನಮಾಪಕದಿಂದ ನೋಡಿದರೆ ಒಂದು ಹೆಚ್ಚುಕಡಿಮೆ 37 ಡಿಗ್ರಿ, ಇನ್ನೊಂದು 41ಕ್ಕಿಂತ ತುಸು ಹೆಚ್ಚು. ವ್ಯತ್ಯಾಸ ನಾಲ್ಕೂವರೆ ಎಂದಿಟ್ಟುಕೊಳ್ಳಿ. ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 510 ಕಿ.ಮೀ. ನಾಲ್ಕೂವರೆ ಡಿಗ್ರಿಗೆ 510 ಕಿ.ಮೀ. ಆದರೆ 360 ಡಿಗ್ರಿಗೆ ಎಷ್ಟು? 40,800 ಕಿ.ಮೀ. ಧ್ರುವಗಳ ಮೂಲಕ ಅಳೆದ ಭೂಮಿಯ ಸುತ್ತಳತೆ 40,008 ಕಿ.ಮೀ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನಡುವೆ ಇದೇ ಲೆಕ್ಕ ಹಾಕಿದ್ದ. ಅವನು ಮಾಡಿದ್ದನ್ನು ಹತ್ತು ವರ್ಷದ ಮಗು ಕೋಲು, ಸ್ಕೇಲು, ಒಂದು ಫೋನ್ ಕರೆಯಲ್ಲಿ ಮಾಡುತ್ತದೆ. ಭೂಮಿ ದುಂಡಗಿದೆ ಎಂದು ಬಾಯಿಪಾಠ ಮಾಡಿದ ಮಗುವಿಗೂ ಭೂಮಿಯನ್ನು ಅಳೆದ ಮಗುವಿಗೂ ಬಹಳ ಅಂತರವಿದೆ.

ಚೇಳೂರಿನ ಹಲಸು

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ಹಲಸಿನ ಮರವಿದೆ. ಅದರ ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕೆ.ಜಿ. ತೂಗುತ್ತದೆ. ತೊಳೆ ತಾಮ್ರಗೆಂಪು. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದ ವಿಜ್ಞಾನಿಗಳು ಇದನ್ನು ಗುರುತಿಸಿದರು, 'ಸಿದ್ದು' ಎಂಬ ಹೆಸರಿನಲ್ಲಿ ತಳಿ ಪ್ರಸಿದ್ಧವಾಯಿತು. ಈಗ ಅದರ ಕಸಿ ಗಿಡಗಳಿಗೆ ದೂರದೂರುಗಳಿಂದ ಬೇಡಿಕೆ. ಬೀಜ ನೆಟ್ಟರೆ ಆಗದೇ, ಕಸಿಯೇ ಏಕೆ ಬೇಕು? ಎರಡನೇ ಪ್ರಯೋಗ ಇರುವುದು ಈ ಪ್ರಶ್ನೆಯಲ್ಲಿ.

ಹಲಸಿನ ಹಣ್ಣು ಒಂದೇ ಹೂವಿನ ಫಲವಲ್ಲ, ನೂರಾರು ಹೆಣ್ಣು ಹೂಗಳು ಒಟ್ಟಿಗೆ ಬೆಳೆದದ್ದು. ಒಂದೊಂದು ತೊಳೆಯೂ ಒಂದೊಂದು ಹೂವಿನದು, ಅದರೊಳಗಿನ ಬೀಜಕ್ಕೆ ಪರಾಗ ಬೇರೆಬೇರೆ ಮರದಿಂದ ಬಂದಿರಬಹುದು. ಹಾಗಾಗಿ ಒಂದೇ ಹಣ್ಣಿನ ಬೀಜಗಳು ಒಡಹುಟ್ಟಿದವು, ಆದರೆ ತದ್ರೂಪಿಗಳಲ್ಲ. ಕಸಿಯಲ್ಲಿ ಮಾತ್ರ ತಾಯಿಮರದ ಕೊಂಬೆಯೇ ಹೊಸ ಬೇರಿನ ಮೇಲೆ ಬೆಳೆಯುತ್ತದೆ, ಗುಣ ಬದಲಾಗುವುದಿಲ್ಲ.

ಇದನ್ನು ತರಗತಿಯಲ್ಲಿ ಕಾಣುವುದಕ್ಕೆ ಒಂದು ಹಣ್ಣಿನ 20 ಬೀಜ ಸಾಕು. ಹಾಲಿನ ಖಾಲಿ ಕವರುಗಳಿಗೆ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮವಾಗಿ ಬೆರೆಸಿ ತುಂಬಬೇಕು, ಕೆಳಗೆ ನೀರು ಬಸಿಯಲು ತೂತು ಮಾಡಬೇಕು. ಪ್ರತಿ ಕವರಿನ ಮೇಲೂ ಅಳಿಸದ ಶಾಯಿಯಲ್ಲಿ ಒಂದು ಅಂಕೆ. ಇವುಗಳಲ್ಲಿ 10 ಬೀಜಗಳನ್ನು ಹಣ್ಣು ಕೊಯ್ದ ದಿನವೇ ತೊಳೆದು ನೆಡಬೇಕು. ಉಳಿದ 10ನ್ನು ಬಟ್ಟೆಯ ಮೇಲೆ ಹರಡಿ ಗಾಳಿಯಲ್ಲಿ ಒಂದು ತಿಂಗಳು ಒಣಗಿಸಿ ಆಮೇಲೆ ನೆಡಬೇಕು. ಮಣ್ಣು, ನೀರು, ಜಾಗ, ನೆಟ್ಟ ಆಳ ಎಲ್ಲ ಒಂದೇ. ಬದಲಾದದ್ದು ಒಣಗಿದ್ದು ಒಂದೇ. 'ಒಂದನ್ನು ಮಾತ್ರ ಬದಲಿಸು, ಉಳಿದದ್ದೆಲ್ಲ ಹಾಗೇ ಇಡು' ಎಂಬ ಶಿಸ್ತು ವಿಜ್ಞಾನದ ಬೆನ್ನೆಲುಬು. ಅದನ್ನು ಕಲಿಸಲು ಇದಕ್ಕಿಂತ ಸರಳ ದಾರಿ ಇಲ್ಲ.

ತಾಜಾ ಬೀಜಗಳು ಎರಡು ಮೂರು ವಾರಗಳಲ್ಲಿ ಮಣ್ಣು ಬಿರಿಸತೊಡಗುತ್ತವೆ. ಮೊದಲು ಮಣ್ಣಿನ ಮೇಲ್ಮೈ ಉಬ್ಬಿ ಸಣ್ಣ ಬಿರುಕು, ಮಾರನೆಯ ದಿನವೋ ಅದರಾಚೆಯೋ ತಿಳಿಹಸಿರಿನ ಚೂಪಾದ ಮೊಳಕೆ. ಬೀಜ ಮಣ್ಣಿನೊಳಗೇ ಉಳಿದು ಕುಡಿಗೆ ಆಹಾರ ಒದಗಿಸುತ್ತದೆ. ಒಣಗಿಸಿದ ಗುಂಪಿನಲ್ಲಿ ಹೆಚ್ಚಿನವು ಏಳುವುದೇ ಇಲ್ಲ. "ಮಿಸ್, ನಂದು ಬಂದೇ ಇಲ್ಲ, ನನ್ನ ಪ್ರಯೋಗ ಹಾಳಾಯ್ತಾ?" ಎಂದು ಮಗು ಕೇಳುತ್ತದೆ. "ಹಾಳಾಗಿಲ್ಲ ಪುಟ್ಟಾ, ಬಂದಿಲ್ಲ ಅಂತಾನೇ ಬರಿ, ಅದೇ ನಿನ್ನ ಉತ್ತರ" ಎಂದು ಹೇಳುವ ಶಿಕ್ಷಕಿ ಬೇಕು. ಮೊಳೆಯದ ಬೀಜವೂ ಒಂದು ಫಲಿತಾಂಶ ಎಂದು ಎಂಟನೇ ವಯಸ್ಸಿನಲ್ಲಿ ಅರಿತ ಮಗು ಮುಂದೆ ಅಂಕಿಅಂಶ ತಿದ್ದುವ ಆಸೆಗೆ ಸುಲಭವಾಗಿ ಬೀಳುವುದಿಲ್ಲ.

ಇಲ್ಲಿಂದ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ರಾಗಿ ಒಣಗಿದಷ್ಟೂ ಬಾಳುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿಗೆ ಸುರಿದು ವರ್ಷಗಟ್ಟಲೆ ಇಡುತ್ತಿದ್ದರು, ಅಜ್ಜ ಅಜ್ಜಿಯರನ್ನು ಕೇಳಿದರೆ ಹಗೇವಿನ ಕಥೆ ಹೇಳುತ್ತಾರೆ. ಒಣಗಿದರೆ ರಾಗಿ ಉಳಿಯುತ್ತದೆ, ಹಲಸು ಸಾಯುತ್ತದೆ, ಏಕೆ? ಹಲಸು ಹಣ್ಣಾಗುವುದು ಮಳೆಗಾಲದ ಹೊಸ್ತಿಲಲ್ಲಿ. ತೇವದ ನೆಲಕ್ಕೆ ಬಿದ್ದ ಬೀಜ ಕಾಯಬೇಕಾಗಿಲ್ಲ, ತಕ್ಷಣ ಮೊಳೆಯುವ ಸಿದ್ಧತೆಯಲ್ಲೇ ಅದು ಹುಟ್ಟುತ್ತದೆ. ರಾಗಿ ಹುಲ್ಲಿನ ಜಾತಿಯದು, ಒಣ ತಿಂಗಳುಗಳನ್ನು ದಾಟಿ ಮುಂದಿನ ಮಳೆಗೆ ಕಾಯುವುದು ಅದರ ಬದುಕಿನ ಕ್ರಮ. ಅವರೆ, ಹುಣಸೆ, ಬೇವು, ಹೊಂಗೆ, ಮಾವು: ಊರಿನ ಒಂದೊಂದು ಬೀಜವೂ ಎಷ್ಟು ದಿನ ಕಾಯಬಲ್ಲದು ಎಂದು ಪಟ್ಟಿ ಮಾಡಿದರೆ ಅದು ಈ ನೆಲದ ಹವಾಮಾನದ ಪಾಠವೇ ಆಗುತ್ತದೆ. ಮೊಳೆತ ಹಲಸಿನ ಸಸಿಗಳನ್ನು ವಾರಕ್ಕೊಮ್ಮೆ ಅಳೆದರೆ, ಒಂದೇ ಹಣ್ಣಿನ ಮಕ್ಕಳು ಹೇಗೆ ಬೇರೆಬೇರೆ ಎತ್ತರಕ್ಕೆ ಬೆಳೆಯುತ್ತಾರೆ ಎಂಬುದೂ ಕಣ್ಣೆದುರು ಬರುತ್ತದೆ.

ಮಾರ್ಕೋನಹಳ್ಳಿಯ ಕೊಳವೆ

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಮಾರ್ಕೋನಹಳ್ಳಿ ಜಲಾಶಯವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ನಿರ್ಮಾಣ, ಸಂಗ್ರಹ ಸಾಮರ್ಥ್ಯ ಸುಮಾರು 2.4 ಟಿಎಂಸಿ. ಇದರ ವಿಶೇಷ, ತಾನಾಗಿ ಕೆಲಸ ಮಾಡುವ ಸೈಫನ್. ಜಲಾಶಯ ತುಂಬಿದೊಡನೆ ಯಾರೂ ಗೇಟು ಎತ್ತದೆಯೇ ನೀರು ಹೊರಗೆ ಧುಮ್ಮಿಕ್ಕುತ್ತದೆ.

ಇದರ ಗುಟ್ಟನ್ನು ಬಾಟಲಿಯೊಂದರಲ್ಲಿ ತೋರಿಸಬಹುದು. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ತಳದಲ್ಲಿ ತೂತು ಮಾಡಬೇಕು. ಬಾಗುವ ಸ್ಟ್ರಾ ಒಂದನ್ನು ತಲೆಕೆಳಗಾದ 'ಯು' ಆಕಾರಕ್ಕೆ ಬಗ್ಗಿಸಿ, ಗಿಡ್ಡ ತೋಳು ಬಾಟಲಿಯೊಳಗೆ ತಳದ ಹತ್ತಿರ ಇರುವಂತೆ, ಉದ್ದ ತೋಳು ತೂತಿನ ಮೂಲಕ ಹೊರಗೆ ಇಳಿಯುವಂತೆ ಕೂರಿಸಿ, ತೂತಿನ ಸುತ್ತ ಎಂ-ಸೀಲ್ ಮೆತ್ತಬೇಕು. ಈಗ ಮೆಲ್ಲನೆ ನೀರು ಹೊಯ್ಯಿರಿ. ನೀರು ಸ್ಟ್ರಾದ ಬಾಗಿನವರೆಗೆ ಏರುವ ತನಕ ಒಂದು ಹನಿಯೂ ಹೊರಗೆ ಬಾರದು. ನೀರಿನ ಮಟ್ಟ ಬಾಗನ್ನು ದಾಟಿದ ಕ್ಷಣ ನೀರು ಹರಿಯತೊಡಗುತ್ತದೆ. ಸುರಿಯುವುದನ್ನು ನಿಲ್ಲಿಸಿದರೂ ಹರಿವು ನಿಲ್ಲುವುದಿಲ್ಲ, ಗಿಡ್ಡ ತೋಳಿನ ಬಾಯಿ ಬರಿದಾಗುವವರೆಗೂ ಬಾಟಲಿ ಖಾಲಿಯಾಗುತ್ತಲೇ ಹೋಗುತ್ತದೆ. ಬಾಟಲಿಯ ನೀರಿನ ಮಟ್ಟಕ್ಕಿಂತ ಉದ್ದ ತೋಳಿನ ಬಾಯಿ ಕೆಳಗಿದೆ, ಹರಿವಿಗೆ ಆ ಎತ್ತರದ ವ್ಯತ್ಯಾಸವೇ ಕಾರಣ. ಕೊಳವೆಯಲ್ಲಿ ನೀರು ತುಂಡಾಗದಂತೆ ನೋಡಿಕೊಳ್ಳುವುದು ಹೊರಗಿನ ಗಾಳಿಯ ಒತ್ತಡ. ಸ್ಟ್ರಾದ ಬಾಗಿಗೆ ಸೂಜಿಯಿಂದ ಚುಚ್ಚಿ ನೋಡಿ: ಗಾಳಿ ಒಳಹೊಕ್ಕು ಹರಿವು ನಿಂತುಬಿಡುತ್ತದೆ.

ಊರ ಕೆರೆಯ ಕೋಡಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಇಲ್ಲಿ ಕಾಣಬೇಕು. ಕೆರೆ ಕೋಡಿ ಬೀಳುವಾಗ ಮೊದಲು ತೆಳುವಾಗಿ, ಮಟ್ಟ ಏರಿದಂತೆ ದಪ್ಪವಾಗಿ ಹರಿಯುತ್ತದೆ. ಸೈಫನ್ ಹಾಗಲ್ಲ, ಒಳಗಿನ ಗಾಳಿ ಹೊರಟುಹೋದೊಡನೆ ತನ್ನ ಪೂರ್ತಿ ಬಲದಿಂದ ಹರಿಯುತ್ತದೆ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ 'ವಾಲ್ಯೂಟ್ ಸೈಫನ್'ನಲ್ಲಿ ಆ ಗಾಳಿಯನ್ನು ಬೇಗ ಹೊರದೂಡುವ ಉಪಾಯವಿದೆ. ಗುಮ್ಮಟದಂಥ ಮುಚ್ಚಳದಡಿ ಆಲಿಕೆಯ ಆಕಾರದ ಬಾಯಿ, ಅದರ ಮೇಲೆ ಸುರುಳಿಯಾಗಿ ಬಾಗಿದ ಅಲಗುಗಳು. ಅಂಚು ದಾಟಿದ ನೀರು ಆ ಅಲಗುಗಳಿಂದ ಸುತ್ತುತ್ತ ಸುಳಿಯಾಗಿ ಇಳಿಯುತ್ತದೆ, ಸುಳಿ ಗಾಳಿಯನ್ನು ಸೆಳೆದೊಯ್ಯುತ್ತದೆ. ಬಕೆಟ್ಟಿನ ನೀರನ್ನು ಆಲಿಕೆಯಲ್ಲಿ ಸುತ್ತಿಸಿ ಬಿಟ್ಟರೆ ಆ ಸುಳಿ ಮಕ್ಕಳಿಗೂ ಕಾಣುತ್ತದೆ.

ಹಠಾತ್ತನೆ ಹರಿಯುವ ಈ ಗುಣವನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ. 2025ರ ಅಕ್ಟೋಬರ್‌ನಲ್ಲಿ ಮಾರ್ಕೋನಹಳ್ಳಿಗೆ ಬಂದು ನೀರಿಗಿಳಿದಿದ್ದ ಕುಟುಂಬವೊಂದರ ಹಲವರು ಒಮ್ಮೆಲೇ ಏರಿಬಂದ ಹರಿವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ತುಂಬಿದ ಜಲಾಶಯದ ಕೆಳಗಿನ ಶಾಂತ ನೀರು ಯಾವ ಕ್ಷಣದಲ್ಲಾದರೂ ಬದಲಾಗಬಹುದು ಎಂಬುದನ್ನು ಎಚ್ಚರಿಕೆ ಫಲಕ ಹೇಳಬಹುದು. ಬಾಟಲಿಯಲ್ಲಿ ಆ ಕ್ಷಣವನ್ನು ಕಣ್ಣಾರೆ ಕಂಡ ಮಗುವಿಗೆ ಫಲಕದ ಮಾತು ಅರ್ಥವಾಗುತ್ತದೆ, ಮನೆಯವರನ್ನೂ ಅದು ಕೈಹಿಡಿದು ತಡೆಯುತ್ತದೆ.

ಶಾಲೆ ಮಾಡಬೇಕಾದದ್ದು

ಇಂಥ ಕಲಿಕೆ ನಮ್ಮ ನಾಡಿಗೆ ಹೊಸದೇನಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನು ದಶಕಗಳಿಂದ ಮಕ್ಕಳ ಕೈಗಿಟ್ಟಿದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ, ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಸುತ್ತಲಿನ ಸಮಸ್ಯೆಯನ್ನೇ ಅಧ್ಯಯನ ಮಾಡಬೇಕು ಎನ್ನುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಚಿಕ್ಕ ಮಕ್ಕಳು ಗುಂಪಿನಲ್ಲಿ ಕೈಯಾಡಿಸಿ ಕಲಿಯುವುದನ್ನು ಸರ್ಕಾರಿ ಶಾಲೆಗಳಲ್ಲಿ ರೂಢಿಗೆ ತಂದಿತು. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇನ್ನೂ ಮುಂದೆ ಹೋಗಿ ಪರೀಕ್ಷೆಯನ್ನೇ ಬದಲಿಸಿತ್ತು: ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಉತ್ತರಿಸುತ್ತಿದ್ದರು, ಪ್ರಯೋಗ ಮಾಡಿ ತೋರಿಸುತ್ತಿದ್ದರು.

ಆದರೂ ಹೆಚ್ಚಿನ ಕಡೆ 'ಪ್ರಾಜೆಕ್ಟ್' ಎಂದರೆ ಅಂಗಡಿಯಿಂದ ತಂದ ಥರ್ಮಾಕೋಲು, ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸಿದ ಜ್ವಾಲಾಮುಖಿ. ಅದರಲ್ಲಿ ಮಗುವಿಗೆ ಕಾಯುವ ಕೆಲಸವಿಲ್ಲ, ಅಳೆಯುವ ಕೆಲಸವಿಲ್ಲ, ಉತ್ತರ ಬೇರೆ ಬರಬಹುದೆಂಬ ಸಾಧ್ಯತೆಯೂ ಇಲ್ಲ. ನೆರಳಿಗೆ ಒಂದು ವರ್ಷ ಬೇಕು, ಬೀಜಕ್ಕೆ ಮೂರು ತಿಂಗಳು. ಪ್ರದರ್ಶನಕ್ಕೆಂದು ಎರಡು ದಿನದಲ್ಲಿ ಮಾಡಿ ಮುಗಿಸುವ ಮಾದರಿಯಲ್ಲಿ ಈ ಕಾಲ ಹಿಡಿಸುವುದಿಲ್ಲ. ಅಂಕ ಕೊಡಲೇಬೇಕೆಂದರೆ ಮಾದರಿಯ ಅಂದಕ್ಕಲ್ಲ, ಮಗುವಿನ ದಾಖಲೆ ಪುಸ್ತಕಕ್ಕೆ ಕೊಡಲಿ: ಮೊದಲು ಏನು ಊಹಿಸಿದೆ, ಏನು ಅಳೆದೆ, ಏನು ಬೇರೆಯಾಗಿ ಬಂತು. ಶಿಕ್ಷಕರಿಗೆ ಎಲ್ಲ ಉತ್ತರವೂ ಗೊತ್ತಿರಬೇಕಾಗಿಲ್ಲ. "ನನಗೂ ಗೊತ್ತಿಲ್ಲ, ನೋಡೋಣ ಬಾ" ಎನ್ನುವ ಶಿಕ್ಷಕರ ತರಗತಿಯಲ್ಲಿ ಮಕ್ಕಳು ಪ್ರಶ್ನೆ ಕೇಳಲು ಹೆದರುವುದಿಲ್ಲ.

ಶಾಲೆಗೆ ಪ್ರಯೋಗಾಲಯ ಬರಲಿ ಎಂದು ಕಾಯುತ್ತ ಕೂರುವುದು ಬೇಡ. ಈ ವಾರವೇ ಅಂಗಳದಲ್ಲಿ ಒಂದು ಕೋಲು ನೆಡಿ, ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ತಿಂಗಳ 21ನೇ ತಾರೀಖನ್ನು ಅಳತೆಯ ದಿನವೆಂದು ಗೊತ್ತುಮಾಡಿ. ಅಳೆಯುವ ಸರದಿ ಪ್ರತಿ ಮಗುವಿಗೂ ಬರಲಿ, ಓದಿನಲ್ಲಿ ಹಿಂದಿರುವ ಮಗುವಿಗೆ ಮೊದಲು ಬರಲಿ. ಮುಂದಿನ ವರ್ಷದ ಮಕ್ಕಳಿಗೆ ಆ ಹಾಳೆಯನ್ನೇ ಪಾಠವಾಗಿ ಕೊಡಿ. ತಮ್ಮ ಅಕ್ಕ ಅಣ್ಣಂದಿರು ಬರೆದಿಟ್ಟ ಅಂಕಿಗಳು ಸರಿಯೇ ಎಂದು ಅವರು ಮತ್ತೆ ಅಳೆದು ನೋಡಲಿ.